ಗುರುತಿಗೆ ಮೊದಲು ಅಪ್ಪುಗೆ: ‘ಭವ’ ಕಾದಂಬರಿ ಮತ್ತು ಮಗನನ್ನು ಅರಸುವ ತಂದೆ

ಸಭಾಪಾಲನೆಯ ಸೇವೆಯಲ್ಲಿರುವವರಿಗೆ ಒಂದು ಕೋರಿಕೆ ಅಪರಿಚಿತವಲ್ಲ. ಆರಾಧನೆ ಮುಗಿದು ಎಲ್ಲರೂ ಹೊರಟ ಮೇಲೆ ವೃದ್ಧ ತಂದೆಯೋ ತಾಯಿಯೋ ದೇವಾಲಯದ ಬಾಗಿಲ ಬಳಿ ನಿಲ್ಲುತ್ತಾರೆ. ಹೊರದೇಶಕ್ಕೆ ಹೋದ ಮಗನ ಸುದ್ದಿ ಬಹುಕಾಲದಿಂದ ಇಲ್ಲ. ಫೋನ್ ನಂಬರು ಬದಲಾಗಿದೆ. ಹಳೆಯ ವಿಳಾಸಕ್ಕೆ ಬರೆದ ಕಾಗದಕ್ಕೆ ಉತ್ತರವಿಲ್ಲ. ಅಲ್ಲಿಯ ಸಭೆಯವರಿಗೆ ಒಂದು ಮಾತು ಬರೆದು ವಿಚಾರಿಸಬಹುದೇ ಎಂದು ಅವರು ಕೇಳುತ್ತಾರೆ. ಕೆಲವರು ವೀಸಾ ಪಡೆದು ತಾವೇ ಹೊರಡುತ್ತಾರೆ. ಇಳಿವಯಸ್ಸಿನಲ್ಲಿ ವಲಸಿಗರಾಗಿ, ಭಾಷೆ ತಿಳಿಯದ ಊರಿನಲ್ಲಿ, ಇನ್ನೊಬ್ಬ ಮಗನ ಅಥವಾ ನೆಂಟರ ಮನೆಯಲ್ಲಿದ್ದುಕೊಂಡು ಹುಡುಕುತ್ತಾರೆ. ನಾವು ಇಂಥವರೊಡನೆ ಪ್ರಾರ್ಥಿಸಿ, ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಸಾಮ್ಯವನ್ನು ನೆನಪಿಸಿ ಕಳುಹಿಸುತ್ತೇವೆ. ಆ ಸಾಮ್ಯದಲ್ಲಿ ತಪ್ಪು ಮಗನದು, ತಂದೆ ನಿರ್ದೋಷಿ. ನಮ್ಮೆದುರು ನಿಂತ ತಂದೆಯ ಎದೆಯಲ್ಲಾದರೋ ಬೇರೊಂದು ಪ್ರಶ್ನೆ ಕುದಿಯುತ್ತಿರುತ್ತದೆ: ಅವನು ಹೋದದ್ದು ನನ್ನಿಂದಲೇ ಅಲ್ಲವೇ? ಈ ಪ್ರಶ್ನೆಗೆ ನಮ್ಮ ಪ್ರಸಂಗಗಳಲ್ಲಿ ಉತ್ತರ ಕಡಮೆ.

ತಪ್ಪಿತಸ್ಥನಾದ ತಂದೆಯೇ ಮಗನನ್ನು ಅರಸುವ ಕಥೆಯೊಂದು ಕನ್ನಡದಲ್ಲಿದೆ. ಯು. ಆರ್. ಅನಂತಮೂರ್ತಿಯವರ ‘ಭವ’ ಪ್ರಕಟವಾದದ್ದು 1994ರಲ್ಲಿ. ಅವರಿಗೆ ಜ್ಞಾನಪೀಠ ಪ್ರಶಸ್ತಿ ಸಂದ ವರ್ಷವೂ ಅದೇ. ‘ಸಂಸ್ಕಾರ’ದ ಬಗ್ಗೆ ನಮ್ಮ ದೈವಶಾಸ್ತ್ರ ವಿದ್ಯಾರ್ಥಿಗಳು ಕೇಳಿಬಲ್ಲರು. ‘ಭವ’ವನ್ನು ಓದಿದವರು ವಿರಳ. ಈ ಲೇಖನದಲ್ಲಿ ನಾವು ಆ ಕಾದಂಬರಿಯನ್ನು ವೇದಪಾಠದ ಕೆಲವು ತಂದೆಯರ ಪಕ್ಕದಲ್ಲಿಟ್ಟು ವಿಮರ್ಶಿಸಲು ಬಯಸುತ್ತೇವೆ. ಕಾದಂಬರಿಯನ್ನು ಕ್ರೈಸ್ತವಾಗಿಸುವ ಉದ್ದೇಶ ನಮಗಿಲ್ಲ. ಅದರ ಹೆಸರೇ ಹೇಳುವಂತೆ ಹುಟ್ಟು, ಆಗುವಿಕೆ, ಸಂಸಾರಬಂಧ ಇವೆಲ್ಲವನ್ನೂ ಕುರಿತ ಅದರ ಚಿಂತನೆ ಬೇರೊಂದು ಪರಂಪರೆಯದು. ಆದರೂ ಅದು ಕೇಳುವ ಪ್ರಶ್ನೆಯನ್ನು ನಾವು ಕೇಳದೆ ಬಿಟ್ಟಿದ್ದೇವೆ ಎಂಬುದೇ ಈ ಓದಿಗೆ ಕಾರಣ.

ಮೇಳಿಗೆಯಿಂದ ಹೊರಟವರು

ಅನಂತಮೂರ್ತಿಯವರು 1932ರಲ್ಲಿ ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ. ಅಡಿಕೆ ತೋಟ, ಅಗ್ರಹಾರ, ಮಳೆ, ಕಾಡುಗಳ ಈ ಸೀಮೆಯ ಮನೆಗಳಿಗೆ ಮಗ ಹೊರಟುಹೋಗುವುದು ಹೊಸತಲ್ಲ. ಓದಿಗೆಂದು ಮೈಸೂರಿಗೆ, ಕೆಲಸಕ್ಕೆಂದು ಬೊಂಬಾಯಿಗೆ, ಈಚೆಗೆ ಬೆಂಗಳೂರಿಗೂ ಅಲ್ಲಿಂದ ಅಮೆರಿಕಕ್ಕೂ ಹೋದ ಮಕ್ಕಳ ಹಾದಿ ನೋಡುವ ಜಗಲಿಗಳು ಮಲೆನಾಡಿನಲ್ಲಿ ಅನೇಕ. ಸ್ವತಃ ಲೇಖಕರೂ ಹಾಗೆ ಹೊರಟವರೇ. ‘ಸಂಸ್ಕಾರ’ವನ್ನು ಅವರು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನೆಯ ವಿದ್ಯಾರ್ಥಿಯಾಗಿದ್ದಾಗ. ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಲನಚಿತ್ರ ನೋಡಿದ ಅನುಭವ ಅದಕ್ಕೆ ಪ್ರೇರಣೆಯಾಯಿತೆಂಬುದು ಪ್ರಸಿದ್ಧ ಸಂಗತಿ. ಮಧ್ಯಯುಗದ ಕ್ರೈಸ್ತ ಯೂರೋಪಿನ ಮಹಾಮಾರಿಯ ಚಿತ್ರವನ್ನು ನೋಡಿದ ಮೇಳಿಗೆಯ ಮಗನಿಗೆ ತನ್ನ ಅಗ್ರಹಾರದ ಪ್ಲೇಗು ನೆನಪಾಯಿತು. ದೂರದೇಶದಲ್ಲಿ ಕುಳಿತವನಿಗೆ ಮನೆ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ಆದರೆ ಮನೆಯಲ್ಲಿ ಉಳಿದವರಿಗೆ ದೂರದೇಶ ಹಾಗೆ ಕಾಣುವುದಿಲ್ಲ.

‘ಸಂಸ್ಕಾರ’ ಮನೆಯನ್ನು ಬಿಟ್ಟು ನಡೆದವನ ಕಥೆ. ಸುಮಾರು ಮೂರು ದಶಕಗಳ ಬಳಿಕ, ಅರವತ್ತು ದಾಟಿದ ಲೇಖಕರು ಬರೆದ ‘ಭವ’ದಲ್ಲಿ ಹುಡುಕುವವನು ತಂದೆ. ಈ ಸ್ಥಾನಪಲ್ಲಟವನ್ನು ಗಮನಿಸದೆ ಕಾದಂಬರಿಯ ಭಾರ ತಿಳಿಯುವುದಿಲ್ಲ.

ಕೊರಳಲ್ಲಿ ಕಂಡ ತಾಯಿತ

ಕಥೆ ಆರಂಭವಾಗುವುದು ರೈಲಿನಲ್ಲಿ. ವಿಶ್ವನಾಥ ಶಾಸ್ತ್ರಿ ಹರಿಕಥೆ ಹೇಳುವ ವೃದ್ಧ. ಎದುರಿಗೆ ಕುಳಿತ ಅಪರಿಚಿತನ ಕೊರಳಲ್ಲಿ ಶ್ರೀಚಕ್ರದ ತಾಯಿತವೊಂದು ಅವನಿಗೆ ಕಾಣುತ್ತದೆ. ಅದು ತನ್ನ ಹೆಂಡತಿ ಸರೋಜಳದು. ಬಹುವರ್ಷಗಳ ಹಿಂದೆ ಸಂಶಯದ ಉರಿಯಲ್ಲಿ ಶಾಸ್ತ್ರಿ ಅವಳನ್ನು ಕೊಂದೆನೆಂದೇ ನಂಬಿ, ಆ ನಂಬಿಕೆಯೊಳಗೆ ಜೀವ ಸವೆಸಿದವನು. ಹಾಗಾದರೆ ಅವಳು ಬದುಕಿ ಉಳಿದಳೇ? ಈ ದಿನಕರ ಅವಳ ಮಗನೇ? ಮಗನಾದರೆ ತಂದೆ ಯಾರು: ತಾನೋ, ತಾನು ಸಂಶಯಪಟ್ಟ ಆ ಪಂಡಿತನೋ? ದಿನಕರನಾದರೋ ದೂರದರ್ಶನದಿಂದ ಹೆಸರಾದವನು, ಬೇರೆಯೇ ಲೋಕದಲ್ಲಿ ಬೆಳೆದವನು, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವನು. ಮುದುಕನ ಎದೆಯಲ್ಲಿ ಏಳುತ್ತಿರುವ ಬಿರುಗಾಳಿ ಅವನಿಗೆ ತಿಳಿಯದು.

ಮುಂದಿನ ತಲೆಮಾರಿನಲ್ಲಿ ಇದೇ ಗಂಟು ಮತ್ತೆ ಬೀಳುತ್ತದೆ. ದಿನಕರನೂ ಅವನ ಗೆಳೆಯ ನಾರಾಯಣ ತಂತ್ರಿಯೂ ಯೌವನದಲ್ಲಿ ಗಂಗು ಎಂಬವಳ ಸಂಗದಲ್ಲಿದ್ದವರು. ಅವಳ ಮಗ ಪ್ರಸಾದನಿಗೆ ತಂದೆ ಇಬ್ಬರಲ್ಲಿ ಯಾರೆಂಬುದು ನಿಶ್ಚಯವಿಲ್ಲ. ತಾನು ಯಾರ ಮಗನೆಂದು ತಿಳಿಯದವನೇ ತನ್ನ ಮಗನಿರಬಹುದಾದವನ ಎದುರು ನಿಲ್ಲುತ್ತಾನೆ. ಕಾದಂಬರಿ ಮೊದಲ ಗಂಟನ್ನೂ ಬಿಡಿಸುವುದಿಲ್ಲ, ಎರಡನೆಯದನ್ನೂ ಬಿಡಿಸುವುದಿಲ್ಲ.

ಗುರುತಿನಿಂದ ಬಂಧುವನ್ನು ಪತ್ತೆಮಾಡುವ ಕಥೆಗಳು ನಮ್ಮ ನಾಡಿಗೆ ಚಿರಪರಿಚಿತ. ಶಕುಂತಲೆಯ ಉಂಗುರ, ಹನುಮಂತ ಸೀತೆಗೆ ಒಯ್ದ ಮುದ್ರೆಯುಂಗುರ ಇವನ್ನು ಹರಿಕಥೆಯ ಶಾಸ್ತ್ರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಥ ಕಥೆಗಳಲ್ಲಿ ಗುರುತು ಸಿಕ್ಕಿದೊಡನೆ ಸಂಶಯ ಅಳಿಯುತ್ತದೆ. ಅನಂತಮೂರ್ತಿಯವರು ಆ ಹಳೆಯ ತಂತ್ರವನ್ನೇ ಎತ್ತಿಕೊಂಡು ಅದರ ಫಲವನ್ನು ತಡೆಹಿಡಿದಿದ್ದಾರೆ. ತಾಯಿತ ಹೇಳಬಲ್ಲದ್ದು ಇಷ್ಟೇ: ಇವನಿಗೂ ಸರೋಜಳಿಗೂ ನಂಟಿರಬಹುದು. ಅವನು ನಿನ್ನವನೇ ಎಂದು ಅದು ಹೇಳಲಾರದು. ಹಿಂದೆ ಸರೋಜಳ ಮೇಲೆ ಕೈಯೆತ್ತುವಂತೆ ಮಾಡಿದ್ದೂ ಇದೇ ಪ್ರಶ್ನೆ. ಆಗ ಶಾಸ್ತ್ರಿ ಪ್ರಮಾಣವಿಲ್ಲದೆ ತೀರ್ಪು ಕೊಟ್ಟ; ಈಗ ಪ್ರಮಾಣವಿಲ್ಲದೆ ಪ್ರೀತಿಸಬೇಕಾಗಿದೆ. ನಮ್ಮ ಮಟ್ಟಿಗೆ ಕಾದಂಬರಿಯ ಹಿರಿಮೆ ಇರುವುದು ಇಲ್ಲಿ. ಅವನು ನನ್ನ ಮಗನೇ ಎಂಬ ಹಂಬಲದಲ್ಲಿ ಪಶ್ಚಾತ್ತಾಪವೂ ಇದೆ, ಹಳೆಯ ಒಡೆತನದ ಛಲವೂ ಇದೆ. ಶಾಸ್ತ್ರಿ ಎರಡನ್ನೂ ಬೇರ್ಪಡಿಸಲಾರ. ಮಗನನ್ನು ಅರಸುವ ಯಾವ ತಂದೆಯೂ ಸುಲಭವಾಗಿ ಬೇರ್ಪಡಿಸಲಾರ.

ಅರಸುವ ತಂದೆಯರು: ಯಾಕೋಬ, ದಾವೀದ

ಗುರುತು ಸುಳ್ಳಾಗಬಹುದೆಂಬುದನ್ನು ಆದಿಕಾಂಡ ಬಲ್ಲದು. ಹೋತದ ರಕ್ತದಲ್ಲಿ ಅದ್ದಿದ ನಿಲುವಂಗಿಯನ್ನು ಕಂಡು ಯಾಕೋಬನು ಮಗ ಸತ್ತನೆಂದು ನಂಬಿದನು. ಗುರುತು ನಿಜವಾದದ್ದೇ, ಅದರಿಂದ ತಂದೆ ತೆಗೆದ ಅರ್ಥ ಮಾತ್ರ ಸುಳ್ಳು. ಬಹುವರ್ಷಗಳ ಮೇಲೆ ಐಗುಪ್ತದಿಂದ ಬಂದ ಬಂಡಿಗಳನ್ನು ನೋಡಿದಾಗ ಅವನ ಪ್ರಾಣ ಚೇತರಿಸಿತು. ಕ್ಷಾಮದ ಕಾರಣ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, 130 ವರ್ಷದ ಮುದುಕನಾಗಿ ಅವನು ಪರದೇಶಕ್ಕೆ ಇಳಿದನು. ವಲಸೆ ಹೋದ ತಂದೆಯೆಂದರೆ ವೇದಪಾಠದಲ್ಲಿ ಮೊದಲು ನೆನಪಾಗಬೇಕಾದವನು ಇವನೇ. ಯೋಸೇಫನು ಮನೆಯಿಂದ ದೂರವಾದದ್ದರ ಬೇರಿನಲ್ಲಿ ತಂದೆ ತೋರಿದ ಪಕ್ಷಪಾತವಿತ್ತೆಂಬುದನ್ನು ನಾವು ಪ್ರಸಂಗಗಳಲ್ಲಿ ಮೆಲ್ಲನೆ ದಾಟಿಬಿಡುತ್ತೇವೆ.

ಶಾಸ್ತ್ರಿಗೆ ಇನ್ನೂ ಹತ್ತಿರದವನು ದಾವೀದ. 2 ಸಮುವೇಲ 13ನೆಯ ಅಧ್ಯಾಯದಲ್ಲಿ ಅಮ್ನೋನನು ತಾಮಾರಳನ್ನು ಕೆಡಿಸುತ್ತಾನೆ. ದಾವೀದನು ಕೋಪಗೊಳ್ಳುತ್ತಾನೆ, ನ್ಯಾಯ ಮಾತ್ರ ಮಾಡುವುದಿಲ್ಲ. ಎರಡು ವರ್ಷಗಳ ಬಳಿಕ ಅಬ್ಷಾಲೋಮನು ಅಣ್ಣನನ್ನು ಕೊಲ್ಲಿಸಿ ಪರರಾಜ್ಯವಾದ ಗೆಷೂರಿಗೆ ಓಡಿ ಅಲ್ಲಿ ಮೂರು ವರ್ಷ ಇರುತ್ತಾನೆ. ತಂದೆಯ ಹೃದಯ ಹೊರದೇಶದಲ್ಲಿರುವ ಮಗನಿಗಾಗಿ ಹಂಬಲಿಸುತ್ತದೆ, ಆದರೆ ಕಾಲು ಅಲುಗುವುದಿಲ್ಲ. ಕೊನೆಗೆ ಯೋವಾಬನು ತೆಕೋವದ ಜಾಣೆಯೊಬ್ಬಳ ಬಾಯಿಂದ ಮಾತಾಡಿಸಿ ಮಗನನ್ನು ಕರೆತರುವಂತೆ ಮಾಡುತ್ತಾನೆ. ಕರೆತಂದ ಮೇಲೂ ಎರಡು ವರ್ಷ ಒಂದೇ ಊರಿನಲ್ಲಿದ್ದು ತಂದೆ ಮಗನ ಮುಖ ನೋಡುವುದಿಲ್ಲ. ಮಗ ಯೋವಾಬನ ಹೊಲಕ್ಕೆ ಬೆಂಕಿ ಹಚ್ಚಿಸಿದ ಮೇಲೆಯೇ ಭೇಟಿ. ಆಗ ಅರಸನು ಅವನಿಗೆ ಮುದ್ದಿಟ್ಟನೆಂದು ಅಧ್ಯಾಯ ಮುಗಿಯುತ್ತದೆ. ಮರು ಅಧ್ಯಾಯದಲ್ಲಿ ದಂಗೆ ಮೊದಲಾಗುತ್ತದೆ. ಪಟ್ಟಣದ ಬಾಗಿಲಿನ ಮೇಲಿನ ಕೋಣೆಯಲ್ಲಿ ದಾವೀದನು ಮಗನ ಹೆಸರು ಹಿಡಿದು ಅತ್ತದ್ದು ನಮಗೆಲ್ಲ ಗೊತ್ತು. ಆ ಅಳುವಿನಲ್ಲಿ ಕಪಟವಿಲ್ಲ. ಆದರೆ ತಾನು ಮಾಡದ ನ್ಯಾಯದ ಜಾಗವನ್ನು ಹಂಬಲ ತುಂಬಲಾರದೆಂಬುದನ್ನು ಆ ಅಧ್ಯಾಯಗಳು ನಿರ್ದಾಕ್ಷಿಣ್ಯವಾಗಿ ತೋರಿಸುತ್ತವೆ.

ಮರೆಯಾದ ಹೆಂಗಸರು

ಇಲ್ಲಿ ನಾವು ಕಾದಂಬರಿಯೊಡನೆ ಜಗಳಕ್ಕೆ ನಿಲ್ಲಬೇಕಾಗಿದೆ. ದಾವೀದ ಮತ್ತು ಅಬ್ಷಾಲೋಮರ ಕಥೆ ಉದ್ದಕ್ಕೂ ಬೆಳೆಯುತ್ತ ಹೋದಂತೆ ತಾಮಾರಳು ಅಣ್ಣನ ಮನೆಯ ಒಂದು ಮೂಲೆಯಲ್ಲಿ ಉಳಿದುಬಿಡುತ್ತಾಳೆ. ತಂದೆ ಅವಳ ಹತ್ತಿರ ಹೋಗಿ ಒಂದು ಮಾತಾಡಿದನೆಂದು ಎಲ್ಲಿಯೂ ಇಲ್ಲ. ‘ಭವ’ದಲ್ಲಿ ಸರೋಜಳ ಗತಿಯೂ ಅದೇ. ಎಲ್ಲವೂ ಮೊದಲಾದದ್ದು ಅವಳಿಗೆ ಆದ ಅನ್ಯಾಯದಿಂದ. ಆದರೆ ಅವಳು ನಮಗೆ ದೊರೆಯುವುದು ಬಹುಮಟ್ಟಿಗೆ ಗಂಡಸರ ನೆನಪಿನ ಮೂಲಕ, ಕೊನೆಗೆ ಒಂದು ತಾಯಿತದ ಮೂಲಕ. ಶಾಸ್ತ್ರಿಯ ತಳಮಳ ಮಗನತ್ತ ತಿರುಗಿದಷ್ಟೂ ಹೆಂಡತಿಯ ವಿಚಾರಣೆ ಹಿಂದೆ ಸರಿಯುತ್ತದೆ. ಅವಳು ಬದುಕಿದ್ದಿರಬಹುದೆಂಬ ಸಾಧ್ಯತೆಯೇ ಅವನಿಗೆ ಅರ್ಧ ಕ್ಷಮೆಯಾಗಿಬಿಡುವ ಅಪಾಯವಿದೆ: ನಾನು ಕೊಲೆಗಾರನಲ್ಲ, ಆದ್ದರಿಂದ ನಾನು ತಂದೆಯಾಗಬಲ್ಲೆ. ಕೊಲೆಯಾಗದಿದ್ದರೂ ಹೊಡೆತ ಹೊಡೆತವೇ. ಮಗ ಬಂದು ಕಾಲಿಗೆರಗಿದರೂ ತಾಯಿಯ ಪರವಾಗಿ ಕ್ಷಮಿಸುವ ಅಧಿಕಾರ ಮಗನಿಗಿಲ್ಲ.

ಲೇಖಕರಿಗೆ ಇದರ ಅರಿವಿಲ್ಲವೆಂದು ನಾವು ಹೇಳುವುದಿಲ್ಲ. ಗಂಗು ತನ್ನ ಬದುಕನ್ನು ತಾನೇ ನಡೆಸಿ ಮಗನನ್ನು ಬೆಳೆಸಿದವಳು. ನಾರಾಯಣ ತಂತ್ರಿಯ ತಾಯಿ ಸೀತಮ್ಮ, ದಿನಕರನು ಯಾರ ಮಗನೆಂದು ವಿಚಾರಿಸದೆ ಅವನಿಗೆ ತಾಯಿಯಾಗುತ್ತಾಳೆ. ಗಂಡಸರು ಗುರುತಿಗಾಗಿ ತಡಕಾಡುತ್ತಿರುವಾಗ ಈ ಮುದುಕಿಯ ಅಡುಗೆಮನೆಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಕಾದಂಬರಿ ಶಾಸ್ತ್ರಿಗೆ ಕೊಡಬಹುದಾದ ಉತ್ತರ ಸೀತಮ್ಮನಲ್ಲಿದೆ ಎಂದೇ ನಮ್ಮ ಭಾವನೆ. ಆದರೂ ಸರೋಜಳ ಲೆಕ್ಕವನ್ನು ಸೀತಮ್ಮ ತೀರಿಸಲಾರಳು. ಹಾಗೆ ನೋಡಿದರೆ ನಮ್ಮ ಸಾಮ್ಯದಲ್ಲಿಯೂ ತಾಯಿಯ ಮಾತಿಲ್ಲ. ಅದನ್ನು ಪ್ರಸಂಗಿಸುವವರಾದರೂ ಆ ಮನೆಯಲ್ಲಿ ಒಬ್ಬ ತಾಯಿ ಇದ್ದಿರಬಹುದೆಂದು ನೆನೆಯಬೇಕು.

ಉಂಗುರ ಬಂದದ್ದು ಯಾವಾಗ?

ಈಗ ಲೂಕನ 15ನೆಯ ಅಧ್ಯಾಯವನ್ನು ಮತ್ತೆ ತೆರೆಯೋಣ. ಮೂರು ಸಾಮ್ಯಗಳು ಅಲ್ಲಿವೆ. ಕುರುಬನು ಕುರಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಹೆಂಗಸು ದೀಪ ಹಚ್ಚಿ ಮನೆ ಗುಡಿಸಿ ನಾಣ್ಯವನ್ನು ಹುಡುಕುತ್ತಾಳೆ. ಮೂರನೆಯದರಲ್ಲಿ ತಂದೆ ದೂರದೇಶಕ್ಕೆ ಹೋಗುವುದಿಲ್ಲ. ಕುರಿ ದಾರಿತಪ್ಪಿದ್ದು, ನಾಣ್ಯ ಕೈಜಾರಿದ್ದು. ಮಗನಾದರೋ ತನ್ನ ಕಾಲಿನಿಂದ ನಡೆದುಹೋದವನು. ಅವನನ್ನು ಹೆಗಲ ಮೇಲೆ ಹೊತ್ತು ತರಲಾಗದು. ತಂದೆ ಓಡಿಹೋಗುವುದು ಮಗನ ಮುಖ ಮನೆಯತ್ತ ತಿರುಗಿದ ಮೇಲೆ, ಇನ್ನೂ ದೂರದಲ್ಲಿರುವಾಗಲೇ. ಸಿಟ್ಟುಗೊಂಡು ಹೊರಗೆ ನಿಂತ ಹಿರಿಮಗನಿಗಾಗಿಯೂ ಅವನು ಮನೆಯಿಂದ ಹೊರಬರುತ್ತಾನೆ ಎಂಬುದನ್ನು ಮರೆಯಬಾರದು. ಅವನ ಪ್ರೀತಿಗೆ ಕಾಲುಗಳಿವೆ, ಆದರೆ ಅವು ಮಗನ ಬಿಡುಗಡೆಯನ್ನು ತುಳಿಯುವುದಿಲ್ಲ.

ಆಮೇಲೆ ಬರುತ್ತದೆ ಉಂಗುರ. ಅದರ ಸ್ಥಾನವನ್ನು ಗಮನಿಸಬೇಕು. ಗುರುತಿನ ಕಥೆಗಳಲ್ಲಿ ಮೊದಲು ಉಂಗುರ, ಆಮೇಲೆ ಅಪ್ಪುಗೆ. ಬಂದವನು ತನ್ನವನೆಂದು ಸಾಬೀತಾದರೆ ಬಾಗಿಲು ತೆರೆಯುತ್ತದೆ. ಸಾಮ್ಯದಲ್ಲಿ ಮೊದಲು ಅಪ್ಪುಗೆ, ಆಮೇಲೆ ನಿಲುವಂಗಿ, ಉಂಗುರ, ಕೆರಗಳು. ಮಗನು ತಾನು ಮಗನೆನಿಸಿಕೊಳ್ಳಲು ಯೋಗ್ಯನಲ್ಲವೆಂದು ಹೇಳುತ್ತಿರುವಾಗಲೇ ಗುರುತನ್ನು ತಂದೆ ಕೊಡುತ್ತಾನೆ. ಅದು ಪ್ರಮಾಣವಲ್ಲ, ಕೊಡುಗೆ. ಕೃಪೆಯ ಸಿದ್ಧಾಂತವೆಂದು ನಾವು ತರಗತಿಯಲ್ಲಿ ಕಲಿಸುವುದು ಈ ಕ್ರಮಪಲ್ಲಟವನ್ನೇ. ತಾಯಿತವನ್ನು ಕಂಡು ನಡುಗುವ ಶಾಸ್ತ್ರಿ ಈ ಎರಡು ಕ್ರಮಗಳ ನಡುವೆ ಸಿಕ್ಕಿಬಿದ್ದವನು. ಗುರುತು ಪೂರ್ಣವಾಗುವತನಕ ಕಾದರೆ ಅವನು ಎಂದಿಗೂ ತಂದೆಯಾಗಲಾರ.

ಲೂಕನೇ ಎರಡನೆಯ ಅಧ್ಯಾಯದಲ್ಲಿ ನಿಜಕ್ಕೂ ಹುಡುಕಿಹೋದ ತಂದೆಯೊಬ್ಬನನ್ನು ತೋರಿಸುತ್ತಾನೆ. ಹನ್ನೆರಡು ವರ್ಷದ ಯೇಸುವನ್ನು ಕಾಣದೆ ಮರಿಯಳೂ ಯೋಸೇಫನೂ ಯೆರೂಸಲೇಮಿಗೆ ಹಿಂದಿರುಗಿ, ಮೂರು ದಿನದ ಮೇಲೆ ದೇವಾಲಯದಲ್ಲಿ ಅವನನ್ನು ಕಾಣುತ್ತಾರೆ. ಮರಿಯಳು ತನ್ನ ಜೊತೆಗೆ ಯೋಸೇಫನನ್ನೂ ಸೇರಿಸಿ, ನಿನ್ನ ತಂದೆಯೂ ನಾನೂ ತಳಮಳದಿಂದ ಹುಡುಕಿದೆವೆಂಬ ಅರ್ಥದಲ್ಲಿ ಮಾತಾಡುತ್ತಾಳೆ. ಹುಡುಕಿ ಬಂದ ಈ ತಂದೆ ಹೆತ್ತವನಲ್ಲ. ಶಾಸ್ತ್ರಿಯನ್ನು ಸುಟ್ಟ ಪ್ರಶ್ನೆಯನ್ನು ಯೋಸೇಫನೂ ಒಮ್ಮೆ ಎದುರಿಸಿದ್ದನು. ಅವನು ಮರಿಯಳನ್ನು ಅವಮಾನಪಡಿಸಲು ಒಪ್ಪಲಿಲ್ಲ, ಕನಸಿನ ಮಾತನ್ನು ನಂಬಿ ಅವಳನ್ನು ಸೇರಿಸಿಕೊಂಡನು. ಹೀಗೆ ಹುಡುಕಿ ಬಂದವರಿಗೆ ಮಗ ಕೊಟ್ಟ ಉತ್ತರ, ತಾನು ಇನ್ನೊಬ್ಬ ತಂದೆಯ ಮನೆಯಲ್ಲಿರಬೇಕಾದವನೆಂದು. ಮರಿಯಳು ಅದನ್ನು ಗ್ರಹಿಸಲಾಗದೆ ಮನಸ್ಸಿನಲ್ಲಿಟ್ಟುಕೊಂಡಳು. ಮಗ ಸಿಕ್ಕಿದ ಘಳಿಗೆಯೇ ಅವನು ತಮ್ಮ ಸ್ವತ್ತಲ್ಲವೆಂದು ತಿಳಿದ ಘಳಿಗೆಯೂ ಆಯಿತು.

ನಮ್ಮ ಸಭಾಚರಿತ್ರೆಯ ಇನ್ನೊಂದು ಬದಿ

ಈ ವಿಮರ್ಶೆ ನಮ್ಮ ಮೇಲೂ ತಿರುಗಬೇಕು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರ ಹೆಸರು ನಮ್ಮಲ್ಲಿ ಗೌರವದಿಂದ ನಿಂತಿದೆ. ಅವರು ಸಮುದ್ರ ದಾಟಿ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು, ಹರ್ಮನ್ ಆನಂದರಾವ್ ಕೌಂಡಿನ್ಯರಾಗಿ ಈ ನಾಡಿನಲ್ಲಿ ಸೇವೆ ಮಾಡಿದರು. ಈ ಕಥೆಯನ್ನು ನಾವು ಹೊರಟ ಮಗನ ಕಡೆಯಿಂದ ಹೇಳುತ್ತೇವೆ, ಅದು ಸರಿಯೂ ಹೌದು. ಆದರೆ ಜಾತಿಯೂ ಸಮುದ್ರವೂ ಅಡ್ಡನಿಂತ ಕಾಲದಲ್ಲಿ ಇಂಥ ಮಕ್ಕಳನ್ನು ಕಳೆದುಕೊಂಡ ಮನೆಗಳ ಒಳಗೆ ಏನಾಯಿತೆಂದು ನಾವು ಎಷ್ಟು ಸಲ ಕೇಳಿದ್ದೇವೆ? ಮಗ ಸತ್ಯಕ್ಕಾಗಿ ಹೊರಟಿದ್ದರೂ ತಾಯಿಗೆ ಅಗಲಿಕೆ ಅಗಲಿಕೆಯೇ. ಇಂದು ನಮ್ಮದೇ ಸಭೆಗಳ ಮಕ್ಕಳು ಬೇರೆ ನಂಬಿಕೆಗೋ ನಂಬಿಕೆಯಿಲ್ಲದ ಬದುಕಿಗೋ ಬೇರೆ ದೇಶಕ್ಕೋ ಹೊರಟಾಗ, ಅಂದು ಆ ಮನೆಗಳು ಅನುಭವಿಸಿದ್ದನ್ನು ನಾವು ಅನುಭವಿಸುತ್ತಿದ್ದೇವೆ. ಆ ಮನೆಗಳನ್ನು ಕತ್ತಲೆಯ ಮನೆಗಳೆಂದು ಬರೆದು ಮುಗಿಸಿದ ನಮ್ಮ ಲೇಖನಿ ಈಗ ತುಸು ತಗ್ಗಬೇಕು.

ವಿಳಾಸ ಕೇಳದ ಕಾಗದ

ದೇವಾಲಯದ ಬಾಗಿಲಲ್ಲಿ ನಿಂತ ತಂದೆಗೆ ನಾವು ಏನು ಹೇಳಬೇಕು? ಈ ಓದಿನಿಂದ ಹೊರಡುವ ಎರಡು ಮಾತುಗಳನ್ನು ಸೇವೆಗೆ ಸಿದ್ಧರಾಗುತ್ತಿರುವವರ ಮುಂದಿಡುತ್ತೇವೆ.

ಮೊದಲನೆಯದು, ಹುಡುಕಾಟಕ್ಕೆ ಸಹಾಯಮಾಡುವ ಮೊದಲು ಹೋದದ್ದೇಕೆಂದು ಕೇಳುವುದು. ಕೇಳಿದಾಗ ಕೆಲವೊಮ್ಮೆ ಒಬ್ಬ ಸರೋಜಳ ಕಥೆ ಹೊರಬೀಳುತ್ತದೆ: ಮನೆಯಲ್ಲಿ ಹೊಡೆತ ತಿಂದ ತಾಯಿ, ಮಾತು ಕೇಳಿಸಿಕೊಳ್ಳದ ಮಗಳು, ಜಾತಿಯ ಹೆಸರಿನಲ್ಲಿ ತಳ್ಳಲ್ಪಟ್ಟ ಸೊಸೆ. ಆಗ ಹುಡುಕಾಟ ಹೊರದೇಶದಲ್ಲಿ ಮೊದಲಾಗಬಾರದು, ಅನ್ಯಾಯವಾದವರ ಬಳಿಗೆ ಹೋಗುವುದರಿಂದ ಮೊದಲಾಗಬೇಕು. ತಾಮಾರಳೊಡನೆ ಮಾತಾಡದ ದಾವೀದನಿಗೆ ಅಬ್ಷಾಲೋಮನು ದಕ್ಕಲಿಲ್ಲ.

ಎರಡನೆಯದು, ನಾವು ತಂದೆಯ ಒಡೆತನದ ದೂತರಾಗದಿರುವುದು. ಲಂಡನ್ನಿನಲ್ಲಿ 1885ರಲ್ಲಿ ಕಾಣೆಯಾದ ಬಂಧುಗಳ ಶೋಧದ ಕೆಲಸವನ್ನು ಆರಂಭಿಸಿದ ಸಾಲ್ವೇಶನ್ ಆರ್ಮಿ ಇಂದಿಗೂ ಒಂದು ನಿಯಮ ಪಾಲಿಸುತ್ತದೆ: ಸಿಕ್ಕಿದ ವ್ಯಕ್ತಿಯ ಒಪ್ಪಿಗೆಯಿಲ್ಲದೆ ವಿಳಾಸವನ್ನು ಹುಡುಕಿದವರಿಗೆ ಕೊಡುವುದಿಲ್ಲ. ನಿಮ್ಮವರು ನಿಮ್ಮನ್ನು ವಿಚಾರಿಸುತ್ತಿದ್ದಾರೆಂಬ ಮಾತನ್ನು ಮುಟ್ಟಿಸಿ, ಉತ್ತರಿಸುವ ಹಕ್ಕನ್ನು ಆ ವ್ಯಕ್ತಿಗೇ ಬಿಡುತ್ತದೆ. ಮೇಲ್ನೋಟಕ್ಕೆ ಕಚೇರಿಯ ನಿಯಮದಂತೆ ಕಾಣುವ ಇದರಲ್ಲಿ ಲೂಕನ ತಂದೆಯ ನಡೆಯಿದೆ. ನಾವು ಬರೆಸಬಹುದಾದ ಕಾಗದವೂ ಹಾಗೇ ಇರಬೇಕು. ಅದರಲ್ಲಿ ತಾಯಿಯ ಕಾಯಿಲೆಯ ಬೆದರಿಕೆ ಬೇಡ, ಆಸ್ತಿಯ ಮಾತು ಬೇಡ, ಮರಳಿ ಬಾ ಎಂಬ ಆಜ್ಞೆಯೂ ಬೇಡ. ತಾನು ಮಾಡಿದ್ದೇನೆಂದು ತಂದೆ ತನ್ನ ಮಾತಿನಲ್ಲಿ ಒಪ್ಪಿಕೊಳ್ಳಲಿ, ಬಾಗಿಲಿಗೆ ಅಗಳಿ ಹಾಕಿಲ್ಲವೆಂದು ತಿಳಿಸಲಿ, ಎಲ್ಲಿದ್ದೀಯೆಂದು ಕೇಳದಿರಲಿ.

ಇಂಥ ಕಾಗದ ಬರೆಯುವುದು ವೃದ್ಧ ತಂದೆಗೆ ಎಷ್ಟು ಕಷ್ಟವೆಂದು ಅದನ್ನು ಬರೆಸಲು ಕುಳಿತವರಿಗೆ ಗೊತ್ತು. ಮೊದಲ ಸಾಲಿನಲ್ಲೇ ದೂರು ನುಸುಳುತ್ತದೆ, ಅಳಿಸಬೇಕಾಗುತ್ತದೆ. ಅದಕ್ಕೆ ಉತ್ತರ ಬಂದೇ ಬರುತ್ತದೆಂಬ ಭರವಸೆಯನ್ನು ನಾವು ಕೊಡಲಾರೆವು. ‘ಭವ’ವೂ ಕೊಡಲಿಲ್ಲ, ಲೂಕನ ಸಾಮ್ಯವೂ ಹಿರಿಮಗ ಮನೆಯೊಳಗೆ ಬಂದನೋ ಇಲ್ಲವೋ ಎಂದು ಹೇಳದೆ ನಿಲ್ಲುತ್ತದೆ. ಆ ವೃದ್ಧರು ಉತ್ತರವಿಲ್ಲದ ಭಾನುವಾರಗಳಲ್ಲಿಯೂ ಆರಾಧನೆಗೆ ಬರುತ್ತಾರೆ. ಅವರು ಬಾಗಿಲಲ್ಲಿ ನಿಂತಷ್ಟು ಹೊತ್ತು ಅವರೊಡನೆ ನಿಲ್ಲುವುದೂ ನಮಗೆ ಒಪ್ಪಿಸಲ್ಪಟ್ಟ ಸೇವೆಯೇ.